ಭಾವನ ಸ್ಟೂಲು ಮತ್ತು ನನ್ನೊಳಗಿನ ಶುಂಠಿಯವನು

ಹತ್ತು ವರ್ಷ ನಾನು ಬೆಳೆಗೆ ಹೊಡೆಯೋ ಔಷಧಿ ಮಾರಿದೆ. ಹೊಳೆನರಸೀಪುರದ ಮನೆಯಿಂದ ಬೈಕಿನಲ್ಲಿ ಒಂದು ದಿನ ಅರಕಲಗೂಡು, ಒಂದು ದಿನ ಹಳ್ಳಿಮೈಸೂರು. ಮಾರಾಟದ ಗುಟ್ಟು ಔಷಧಿಯಲ್ಲಿರಲಿಲ್ಲ, ನನ್ನ ಬಾಯಲ್ಲಿತ್ತು. ಹಳ್ಳಿಮೈಸೂರಿನ ಅಂಗಡಿಯವರ ಮುಂದೆ ಅರಕಲಗೂಡಿನ ಅಂಗಡಿಯವರಂತೆ ಮಾತಾಡುತ್ತಿದ್ದೆ, ಅರಕಲಗೂಡಿನಲ್ಲಿ ಹಳ್ಳಿಮೈಸೂರಿನವರಂತೆ. ನಕ್ಕವರು ಎರಡು ಡಬ್ಬಿ ಹೆಚ್ಚಿಗೆ ಬರೆಸುತ್ತಿದ್ದರು. ಪಕ್ಕದೂರಲ್ಲಿ ಇವನು ತಮ್ಮನ್ನೂ ಹೀಗೇ ಆಡಿಕೊಳ್ಳುತ್ತಾನೆ ಅಂತ ಇಬ್ಬರಿಗೂ ಹೊಳೆಯಲಿಲ್ಲ, ನನ್ನ ಪುಣ್ಯ.

ಕಳೆದ ವರ್ಷ ಕಂಪನಿಯವರು ನಮ್ಮ ಏರಿಯಾನೇ ಎತ್ತಿಬಿಟ್ಟರು, ಜೊತೆಗೆ ನನ್ನನ್ನೂ. ಮ್ಯಾನೇಜರ್ ಫೋನಿನಲ್ಲಿ ಹೇಳಿದ್ದನ್ನು ಅವರದೇ ದನಿಯಲ್ಲಿ ಹೆಂಡತಿಗೆ ಹೇಳಿದೆ. ಅವಳು ನಗಲಿಲ್ಲ.

ಚನ್ನರಾಯಪಟ್ಟಣದಲ್ಲಿ ಗೊಬ್ಬರದ ಅಂಗಡಿ ಇಟ್ಟಿರುವ ನಮ್ಮಕ್ಕನ ಗಂಡನಿಗೆ ಮಾತ್ರ ಹಬ್ಬ. "ಬಂದ್ಬುಡ್ಲಾ, ಅಂಗ್ಡೀಲಿ ಕೂತ್ಕೊ. ನಿಂಗೇ ಅಂತ ಹೊಸಾ ಸ್ಟೂಲ್ ತಂದಿಟ್ಟೀನಿ ಕಣ" ಅಂದರು. ಭಾವ ಒಳ್ಳೆಯವರು. ಆದರೆ ಬೆಳಗಿಂದ ಸಂಜೆವರೆಗೂ ಅವರ ಪಕ್ಕದಲ್ಲೇ ಕೂತರೆ ಅವರನ್ನು ಅಣಕಿಸಲು ನಾನು ಎಲ್ಲಿಗೆ ಹೋಗಲಿ?

ಅಷ್ಟರಲ್ಲಿ ಹಾಸನದ ಒಂದು ಡ್ರಿಪ್ ಪೈಪಿನ ಕಂಪನಿಗೆ, ರೈತರಿಗೆ ತರಬೇತಿ ಕೊಡುವವರು ಬೇಕಾಗಿದ್ದಾರೆ ಅಂತ ತಿಳಿಯಿತು. ಬಯೋಡೇಟಾದಲ್ಲಿ 'ಔಷಧಿ ಮಾರಾಟ' ತೆಗೆದು 'ಕೃಷಿ ಸಂವಹನ' ಅಂತ ಹಾಕಿದೆ. ಓದಿಕೊಂಡು ನನಗೇ ನನ್ನ ಮೇಲೆ ಗೌರವ ಬಂತು.

"ರೀ, ಅಲ್ಲಿ ಯಾರ ಥರಾನೂ ಮಾತಾಡ್ಬೇಡಿ. ನಿಮ್ಮ ಥರ ಮಾತಾಡಿ" ಅಂದಳು ಹೆಂಡತಿ.

"ಅದು ಯಾವ ಥರ ಇರುತ್ತೆ?"

"ಗೊತ್ತಿಲ್ಲ. ಮದ್ವೆ ಆದ್ಮೇಲೆ ನಾನು ಕೇಳೇ ಇಲ್ಲ."

ಇಂಟರ್‌ವ್ಯೂನಲ್ಲಿ ಮೇಜಿನಾಚೆ ಒಬ್ಬ ಮ್ಯಾನೇಜರ್, ಇಬ್ಬರು ಆಫೀಸರ್‌ಗಳು. ಮ್ಯಾನೇಜರ್ ಪ್ರತಿ ಮಾತಿಗೂ ಮುಂಚೆ ಗಂಟಲು ಸರಿಮಾಡಿಕೊಳ್ಳುತ್ತಿದ್ದರು. ನನ್ನ ಗಂಟಲೂ ತುರಿಸತೊಡಗಿತು. ನೀರು ಕುಡಿದು ಅದುಮಿಕೊಂಡೆ. ಕಾಲು ಗಂಟೆ ಗ್ರಾಂಥಿಕ ಕನ್ನಡದಲ್ಲಿ 'ನೀರಿನ ಸದ್ಬಳಕೆ' ಕುರಿತು ಉಪನ್ಯಾಸ ಕೊಟ್ಟೆ. ಒಬ್ಬ ಆಫೀಸರ್ ಆಕಳಿಸಿದರು. ನನಗೂ ಆಕಳಿಕೆ ಬಂತು. ಅದು ಅಣಕವಲ್ಲ, ನಿಜವಾದದ್ದು.

"ಸರಿ," ಗಂಟಲು ಸರಿಮಾಡಿಕೊಂಡರು ಮ್ಯಾನೇಜರ್, "ಅರಕಲಗೂಡು ಕಡೆ ಶುಂಠಿ ಬೆಳೆಯೋರು ನಮ್ಮ ಪೈಪ್ ಬೇಡ ಅಂತಾರಲ್ಲ, ಅವರಿಗೆ ಏನು ಹೇಳ್ತೀರಿ?"

"ಈ ಪೈಪು ಹತ್ತು ವರ್ಷ ಬಾಳಿಕೆ ಬರುತ್ತೆ ಅಂತೀನಿ ಸಾರ್" ಅಂದೆ. ಅಂದಿದ್ದೇ ತಡ, ಹೆಂಡತಿಯ ಮಾತು ಮೀರಿ ನನ್ನೊಳಗಿನ ಶುಂಠಿಯವನು ಟವೆಲ್ ಕೊಡವಿಕೊಂಡು ಎದ್ದುಬಿಟ್ಟ.

"ಅಲ್ಲ ಕಣ್ ಸಾ, ಪೈಪು ಹತ್ ವರ್ಸ ಇರ್ತದೆ, ನಾನೆಲ್ ಇರ್ತೀನಿ? ಸುಂಟಿ ಹಾಕದು ಗುತ್ಗೆ ಒಲ್ದಾಗೆ. ಒಂದ್ಸಲ ಬೆಳೆದ್ ಜಾಗ್ದಾಗೆ ತಿರ್ಗಾ ಹಾಕುದ್ರೆ ಕೊಳ್ತೋಯ್ತದೆ. ಅದ್ಕೇ ವರ್ಸಕ್ಕೊಂದೂರು. ನಿಮ್ ಪೈಪ ಹೆಗಲ್ ಮ್ಯಾಲೆ ಸುತ್ಕೊಂಡ್ ಓಗ್ಲಾ?"

ಉತ್ತರ ಕೊಡಬೇಕಾದವನು ನಾನೇ. ನನ್ನ ಎದುರು ನಾನೇ ಸೋತಿದ್ದೆ.

"ಅವನು ಹೇಳಿದ್ದು ಸರಿಯಲ್ವೇನ್ರೀ?" ಅಂದರು ಮ್ಯಾನೇಜರ್.

"ಸರಿ ಸಾರ್. ಅವನಿಗೇನು ಹೇಳಬೇಕೋ ಗೊತ್ತಾಗ್ತಿಲ್ಲ." ಯಾರ ದನಿಯೂ ಅಲ್ಲದ ಒಂದು ಸಣ್ಣ ದನಿಯಲ್ಲಿ ಅಂದೆ. ನನ್ನದೇ ಇರಬೇಕು. ಅಷ್ಟೇನೂ ಚೆನ್ನಾಗಿರಲಿಲ್ಲ.

"ರೈತರಿಗೆ ಪಾಠ ಮಾಡೋಕೆ ನೀವು ಬೇಡ" ಅಂದರು. ಕಣ್ಣ ಮುಂದೆ ಚನ್ನರಾಯಪಟ್ಟಣದ ಸ್ಟೂಲು ಬಂದು ನಿಂತಿತು. "ನಮ್ಮ ಸೇಲ್ಸ್ ಹುಡುಗರಿಗೆ ಮಾಡಿ. ಹಳ್ಳಿಗೆ ಹೋಗೋಕೆ ಮುಂಚೆ ಒಂದ್ಸಲ ಈ ಶುಂಠಿ ಗೌಡನ ಹತ್ರ ಬೈಸಿಕೊಂಡು ಹೋಗಲಿ."

ಈಗ ನನ್ನ ಕೆಲಸ ಅದೇ. ಹತ್ತು ವರ್ಷ ಯಾವ 'ಬ್ಯಾಡ ಓಗಿ ಸಾ' ಕೇಳಿಸಿಕೊಂಡು ಬಿಸಿಲಲ್ಲಿ ವಾಪಸ್ ಬರುತ್ತಿದ್ದೆನೋ, ಅದನ್ನೇ ಫ್ಯಾನಿನ ಕೆಳಗೆ ಕೂತು ಹೇಳುತ್ತೇನೆ.

ಮೊನ್ನೆ ಭಾವ ಫೋನ್ ಮಾಡಿ ಕೇಳಿದರು: "ಅಲ್ಲಿ ಯಾರ್ ಥರ ಆಡ್ತೀಯಲಾ?"

"ಶುಂಠಿಯವನ ಥರ ಭಾವ."

"ಬರೀ ಅವ್ನೊಬ್ನೇಯಾ?" ದನಿಯಲ್ಲಿ ನೋವಿತ್ತು.

ಹೀಗಾಗಿ ಈ ಸೋಮವಾರದಿಂದ ನಮ್ಮ ತರಬೇತಿಗೆ, ಏನು ತೋರಿಸಿದರೂ ಒಪ್ಪದ ಭಾವನದೇ ದನಿಯ ಒಬ್ಬ ಗೊಬ್ಬರದಂಗಡಿ ಸಾಹುಕಾರರೂ ನನ್ನ ಬಾಯಲ್ಲಿ ಬರುತ್ತಿದ್ದಾರೆ. ಅವರು ಕೂರಲು ಸ್ಟೂಲನ್ನು ಭಾವನೇ ಬಸ್ಸಿಗೆ ಹಾಕಿ ಕಳಿಸಿದ್ದಾರೆ.