ಚಕ್ರ ಹುಡುಕುವ ಹಾಲಪ್ಪಗೌಡರು

ಮೂಡಿಗೆರೆ ಬಸ್ಸಿನ ಕಿಟಕಿ ಪಕ್ಕದ ಸೀಟಿನಲ್ಲಿ ಒಂದು ಕಾರಿನ ಚಕ್ರವೂ ಅದನ್ನು ತಬ್ಬಿಕೊಂಡು ಒಬ್ಬ ಹಿರಿಯರೂ ಕುಳಿತಿದ್ದರೆ, ಅವರು ನಮ್ಮ ಬಣಕಲ್ಲಿನ ಹಾಲಪ್ಪಗೌಡರೇ ಎಂದು ತಿಳಿಯಿರಿ. ಮನೆಯ ಹಳೇ ಫಿಯಟ್ಟಿನ ಆ ಚಕ್ರ ಬಾಗಿದೆ. ಅದಕ್ಕೊಂದು ಸರಿಜೋಡಿ ಹುಡುಕುವುದೇ ಈಗ ಗೌಡರ ಕಸುಬು. ಕಾಫಿ ಕೊಯ್ಲಿನ ನಡುವೆಯೂ ತೋಟವನ್ನು ಲೆಕ್ಕ ಬರೆಯುವ ರೈಟರಿಗೆ ಒಪ್ಪಿಸಿ ಗುಜರಿ ಅಂಗಡಿಗೆ ಹೊರಟುಬಿಡುತ್ತಾರೆ. ಹೊರನಾಡಿಗೆ ಹೋದರೆ, ದೇವಸ್ಥಾನದ ಹೊರಗೆ ನಿಂತ ಕಾರುಗಳ ಮುಂದೆಲ್ಲ ಬಗ್ಗಿ ಬಗ್ಗಿ ಚಕ್ರ ನೋಡುತ್ತಾರೆ. ಕಂಡವರು ಎಂಥ ಭಕ್ತಿ ಅಂದುಕೊಳ್ಳುತ್ತಾರೆ. ಗುಜರಿಯವನು ಏನು ತಂದಿಟ್ಟರೂ ಒಂದು ಕೊಂಕು ಇದ್ದೇ ಇದೆ. "ಇದು ಜೀಪಿಂದು ಮಾರಾಯ, ಐದು ತೂತು. ನಮ್ದಕ್ಕೆ ನಾಲ್ಕೇ." ಇನ್ನೊಂದಕ್ಕೆ ತೂತು ನಾಲ್ಕೇ, ಆದರೆ ಅಗಲ ಜಾಸ್ತಿ. "ಇದನ್ನೇ ತಟ್ಟಿಸಿ ನೆಟ್ಟಗೆ ಮಾಡ್ಸಿ ಗೌಡ್ರೆ" ಎಂದರೆ ಮುಖ ಕೆಂಪಾಗುತ್ತದೆ. "ತಟ್ಟಿದ್ದೆಲ್ಲ ಆಗೋದಿಲ್ಲ. ಓಡ್ಸೋರಿಗೆ ಧೈರ್ಯ ಬರ್ಬೇಕಲ್ಲ!" ಬಾಗಿದ್ದು ಹೇಗೆಂದು ಕೇಳಿದರೆ ಮಾತ್ರ ದನಿ ತಗ್ಗುತ್ತದೆ. "ಕೊಟ್ಟಿಗೆಹಾರದ ತಿರುವಲ್ಲಿ ನಾನೇ ಮೋರಿಕಟ್ಟೆಗೆ ಗುದ್ದಿಸ್ಬಿಟ್ಟೆ ಮಾರಾಯ." ಗೌಡರಿಗೆ ಕಾರು ಓಡಿಸಲು ಬರುವುದೇ ಇಲ್ಲ, ಓಡಿಸುತ್ತಿದ್ದವರು ಅವರ ಹೆಂಡತಿ ವಸಂತಮ್ಮ, ಅವತ್ತು ಹೆದರಿದವರು ಇವತ್ತಿಗೂ ಕಾರಿನ ಕೀ ಮುಟ್ಟಿಲ್ಲ. ಇದು ಇಡೀ ಬಸ್ಸಿಗೆ ಗೊತ್ತು. ಆದರೂ ಇಳಿಯುವಾಗ ಕಂಡಕ್ಟರು ಚಕ್ರವನ್ನು ಜೋಪಾನವಾಗಿ ಕೆಳಗಿಳಿಸಿಕೊಟ್ಟು ಗೌಡರನ್ನೇ ಗದರುತ್ತಾನೆ: "ಇನ್ಮೇಲಾದ್ರೂ ನೋಡ್ಕೊಂಡು ಓಡ್ಸಿ ಗೌಡ್ರೆ!"