ಬೋರ್ಡ್ ಸಾಹೇಬರೂ ಮಾಸುವ ಬಣ್ಣವೂ

ಅವರ ಬಲಗೈ ಕಿರುಬೆರಳಿನ ಉಗುರೊಂದೇ ಉದ್ದ. ಉಳಿದ ಒಂಬತ್ತನ್ನೂ ಚರ್ಮಕ್ಕೆ ಹತ್ತುವಷ್ಟು ಕತ್ತರಿಸಿ, ಅದೊಂದನ್ನು ಮಾತ್ರ ಗೋಧಿಕಾಳಿನಷ್ಟು ಬೆಳೆಯಲು ಬಿಟ್ಟಿದ್ದರು. ಅದರ ಅಂಚಿನಲ್ಲಿ ಕೆಂಪು ಎನಾಮೆಲ್ ಬಣ್ಣದ ಒಂದು ಗೆರೆ. ಎಷ್ಟು ಸೀಮೆಎಣ್ಣೆ ಹಾಕಿ ಉಜ್ಜಿದರೂ ಹೋಗದ್ದು. ಕೈ ನಡುಗದಿರಲೆಂದು ಆ ಬೆರಳನ್ನು ಹಲಗೆಗೆ ಊರಿ ಬ್ರಷ್ ಎಳೆಯುತ್ತಿದ್ದರು. ಒಂದು ಅಕ್ಷರ ಮುಗಿದರೆ ಅದರ ಪಕ್ಕಕ್ಕೆ ಉಗುರಿಟ್ಟು ಅಳೆದು ಮುಂದಿನದಕ್ಕೆ ಹೋಗುತ್ತಿದ್ದರು. ಹೊಳಲ್ಕೆರೆಯಲ್ಲಿ ಅಡಿಕೆ ಮಂಡಿಯಿರಲಿ, ಕಿರಾಣಿ ಅಂಗಡಿಯಿರಲಿ, ಸೈಕಲ್ ಶಾಪಿರಲಿ, ಎಷ್ಟೋ ವರ್ಷ ಊರಿನ ಎಲ್ಲ ಬೋರ್ಡುಗಳಲ್ಲೂ ಎರಡು ಅಕ್ಷರದ ನಡುವೆ ಇದ್ದದ್ದು ಅವರ ಉಗುರಿನ ಅಗಲ.

ಊರಿಗೆಲ್ಲ ಅವರು ಬೋರ್ಡ್ ಸಾಹೇಬರು. ನನಗೂ ಅಷ್ಟೇ. ಅವರಿಗೆ ನಾನು ಟೀಚರಮ್ಮ.

ನಾನು ಓದಿದ್ದು ಚಿತ್ರದುರ್ಗದಲ್ಲಿ, ಕಾನ್ವೆಂಟಿನಲ್ಲಿ. ಸಿಸ್ಟರ್‌ಗಳು ನಮಗೆ ಕಲಿಸಿದ್ದು ಮೂರು: ಕರ್ಸಿವ್ ರೈಟಿಂಗ್, ಪಂಕ್ಚುಯಾಲಿಟಿ, ಫರ್ಗಿವ್‌ನೆಸ್. ಮೊದಲೆರಡು ಇವತ್ತಿಗೂ ನನ್ನಲ್ಲಿವೆ.

ಹೊಳಲ್ಕೆರೆಯ ಶಾಲೆಗೆ ನಾನು ಇಂಗ್ಲಿಷ್ ಟೀಚರಾಗಿ ಬಂದಾಗ ಅಲ್ಲಿ ಲೈಬ್ರರಿ ಎಂದರೆ ಬಾಗಿಲು ಮುಚ್ಚದ ಒಂದು ಬೀರು, ಅದರೊಳಗೆ ಹಳೆಯ ಉತ್ತರಪತ್ರಿಕೆ, ಇಲಿ. ಭಾನುವಾರಗಳಲ್ಲಿ ಚೀಲ ಹಿಡಿದು ಮನೆಮನೆಗೆ ಹೋದೆ. ಚಿಕ್ಕಜಾಜೂರಿನ ರೈಲ್ವೆ ಗ್ಯಾಂಗ್‌ಮನ್ ಒಬ್ಬರು ಯಾರೋ ಪ್ರಯಾಣಿಕರು ಬಿಟ್ಟುಹೋದ ಕಾದಂಬರಿಗಳನ್ನು ವರ್ಷಗಟ್ಟಲೆ ಕಾದಿಟ್ಟು ಕೊಟ್ಟರು. ಹೊರಕೆರೆದೇವಪುರದ ಕಡೆಯ ಕುರುಬರ ಅಜ್ಜ ಒಬ್ಬರು ಗೋಡೆಯ ಗೂಡಿನಲ್ಲಿದ್ದ ಕಥೆ ಪುಸ್ತಕವನ್ನು ಕಂಬಳಿಯಲ್ಲಿ ಸುತ್ತಿ ತಂದರು. ಬೋರ್ಡ್ ಸಾಹೇಬರ ತಾಯಿ, ಒಂದಕ್ಷರ ಬಾರದ ಹೆಂಗಸು, ಬಸ್ ಹತ್ತಿ ಚಿತ್ರದುರ್ಗಕ್ಕೆ ಹೋಗಿ ಒಂದು ಕನ್ನಡ ನಿಘಂಟು ಕೊಂಡು ತಂದು ನನ್ನ ಟೇಬಲ್ಲಿನ ಮೇಲಿಟ್ಟರು.

“ನನ್ ಮಗ ಅಕ್ಷರ ಬರೀತಾನೆ. ಓದೋರ್ಗೂ ಏನಾರ ಒಂದು ಇರ್ಲಿ ಅಂತ ತಂದೆ,” ಎಂದರು.

ಕೊಟ್ಟವರ ಹೆಸರನ್ನೆಲ್ಲ ಸಾಹೇಬರು ಒಂದು ತೇಗದ ಹಲಗೆಯ ಮೇಲೆ ಬರೆದು ಲೈಬ್ರರಿಯ ಬಾಗಿಲ ಮೇಲೆ ತೂಗುಹಾಕಿದರು. ಕೂಲಿ ತೆಗೆದುಕೊಳ್ಳಲಿಲ್ಲ. ಅವರ ತಾಯಿಯ ಹೆಸರು ಮೂರನೆಯ ಸಾಲಿನಲ್ಲಿ, ಎಲ್ಲರ ನಡುವೆ, ಎಲ್ಲರಷ್ಟೇ ದಪ್ಪ.

ಆಮೇಲೆ ಫ್ಲೆಕ್ಸ್ ಬಂತು. ಬ್ರಷ್ಷಿಗೆ ಕೆಲಸ ಹೋಯಿತು. ಸಾಹೇಬರು ಅಳಲಿಲ್ಲ, ಚಿತ್ರದುರ್ಗದಲ್ಲಿ ಕಂಪ್ಯೂಟರ್ ಸೆಂಟರಿನಲ್ಲಿದ್ದ ಮಗಳ ಪಕ್ಕ ಸ್ಟೂಲ್ ಹಾಕಿಕೊಂಡು ಕುಳಿತರು. ಅರವತ್ತು ದಾಟಿದ ಮೇಲೆ ಸಿ.ಎಸ್.ಎಸ್. ಕಲಿತರು. ವೆಬ್ ಪುಟದಲ್ಲಿ ಇರುವ ವಿಷಯ ಒಂದು, ಅದಕ್ಕೆ ತೊಡಿಸುವ ಬಟ್ಟೆಬರೆ ಇನ್ನೊಂದು. ಬಣ್ಣ, ಅಳತೆ, ಅಂತರ ಇವುಗಳನ್ನು ಬರೆದಿಡುವುದೇ ಸಿ.ಎಸ್.ಎಸ್. ನಮ್ಮ ಶಾಲೆ ಲೈಬ್ರರಿಯ ಪುಸ್ತಕಗಳ ಪಟ್ಟಿಗೆಂದು ಒಂದು ವೆಬ್ ಅಪ್ಲಿಕೇಶನ್ ತರಿಸಿದಾಗ ಅದರ ಮೋರೆ ಜಗತ್ತಿನ ಎಲ್ಲ ಲೈಬ್ರರಿಗಳ ಮೋರೆಯಂತೆಯೇ ಬಿಳಿಚಿಕೊಂಡಿತ್ತು. ಅದನ್ನು ನಮ್ಮದಾಗಿ ಮಾಡುವ ಕೆಲಸಕ್ಕೆ ಸಾಹೇಬರನ್ನು ಇಟ್ಟುಕೊಂಡರು. ಆ ಹೊತ್ತಿಗೆ ನಾನು ರಿಟೈರ್ ಆಗಿ, ಲೈಬ್ರರಿಯ ಬೀಗದಕೈ ಮಾತ್ರ ಇಟ್ಟುಕೊಂಡು ಗೌರವ ಗ್ರಂಥಪಾಲಕಿ ಅನ್ನಿಸಿಕೊಂಡಿದ್ದೆ.

ಸಾಹೇಬರಿಗೆ ಇಂಗ್ಲಿಷ್ ಅಷ್ಟಕ್ಕಷ್ಟೇ. ನನಗೆ ಕಂಪ್ಯೂಟರ್ ಅಷ್ಟಕ್ಕಷ್ಟೇ. ಆದ್ದರಿಂದ ಮ್ಯಾನುಯಲ್ ಅನ್ನು ನಾನು ಗಟ್ಟಿಯಾಗಿ ಓದುವುದು, ಅವರು ಮಾಡುವುದು.

“ಮಾರ್ಜಿನ್, ಪ್ಯಾಡಿಂಗ್, ಎರಡೂ ಖಾಲಿ ಜಾಗವೇ ತಾನೆ? ಎರಡು ಹೆಸರು ಯಾಕೆ?” ಎಂದು ನಾನು ಕೇಳಿದೆ.

“ಎರಡೂ ಒಂದೇ ಹೆಂಗಾಗ್ತವೆ ಟೀಚರಮ್ಮ? ಗೋಡೆ ಒಳಗೆ ನಾವು ಕಾಲು ಚಾಚೋ ಜಾಗ ಪ್ಯಾಡಿಂಗು. ನಮ್ ಗೋಡೆಗೂ ಪಕ್ಕದ್ಮನೆ ಗೋಡೆಗೂ ನಡುವಿನ ಸಂದಿ ಮಾರ್ಜಿನ್ನು. ಮೊದಲ್ನೇದು ಕಮ್ಮಿ ಆದ್ರೆ ಉಸಿರು ಕಟ್ತೈತೆ. ಎರಡ್ನೇದು ಕಮ್ಮಿ ಆದ್ರೆ ಜಗಳ ಹತ್ತುತೈತೆ.”

ಆ ಅಪ್ಲಿಕೇಶನ್ನಿನಲ್ಲಿ ಕನ್ನಡದ ಒತ್ತಕ್ಷರಗಳ ಕೆಳಭಾಗ ಕತ್ತರಿಸಿಹೋಗುತ್ತಿತ್ತು. ಅದನ್ನು ನೋಡಿ ಸಾಹೇಬರು ತಮ್ಮ ಕಾಲಿಗೇ ಪೆಟ್ಟಾದಂತೆ ನರಳಿದರು. “ಯಾರೋ ಇಂಗ್ಲೀಷ್ನೋರು ಅಳತೆ ಹಿಡ್ದವ್ರೆ. ಅವರ ಅಕ್ಷರಕ್ಕೆ ಕಾಲು ಎಲ್ಲೈತೆ? ನಮ್ದಕ್ಕೆ ಕಾಲೂ ಐತೆ, ಕಾಲಿಗೆ ಗೆಜ್ಜೆನೂ ಐತೆ,” ಎಂದು ಸಾಲಿನ ಎತ್ತರ ಹೆಚ್ಚಿಸಿದರು. ಹೆಚ್ಚಿಸಿದ ಮೇಲೆ ಮಾನಿಟರಿಗೆ ಕಿರುಬೆರಳಿನ ಉಗುರಿಟ್ಟು ಅಳೆದರು. ಆ ಗಾಜಿನ ಮೇಲೆ ಅವರ ಉಗುರಿನ ಗೀರು ಈಗಲೂ ಇದೆ.

ಪ್ರತಿ ಪುಸ್ತಕದ ಪುಟದಲ್ಲೂ ‘ಕೊಟ್ಟವರು’ ಎಂದು ಒಂದು ಸಾಲು ಬರುವಂತೆ ನಾನೇ ಎಲ್ಲ ಹೆಸರುಗಳನ್ನು ತುಂಬಿದ್ದೆ. ಸಾಹೇಬರು ಆ ಸಾಲಿಗೆ ಹಳೆಯ ಹಲಗೆಯ ಕೆಂಪನ್ನೇ ಹಾಕಿದರು.

ಆಗ ಶಾಲೆಗೆ ಹೊಸ ಸೆಕ್ರೆಟರಿ ಬಂದರು.

ಅವರ ಬಗ್ಗೆ ಒಂದು ಒಳ್ಳೆಯ ಮಾತು ಹೇಳಿ ಮುಗಿಸುತ್ತೇನೆ: ಸ್ಕೂಟರನ್ನು ಚೆನ್ನಾಗಿ ತೊಳೆದಿಡುತ್ತಿದ್ದರು. ಬಂದ ವಾರದಲ್ಲೇ ಲೈಬ್ರರಿಗೆ ತಮ್ಮ ತೀರಿಕೊಂಡ ತಂದೆಯ ಹೆಸರಿಟ್ಟರು. ಆ ತಂದೆ ನಮಗೆ ಒಂದು ಹಾಳೆಯನ್ನೂ ಕೊಟ್ಟವರಲ್ಲ. ನಾನು ಚೀಲ ಹಿಡಿದು ಹೋದಾಗ ನಾಯಿ ಬಿಚ್ಚಿದ್ದವರು. ಬಾಗಿಲ ಮೇಲೆ ಆ ತಂದೆಯದೇ ಫೋಟೊ ಇರುವ ಫ್ಲೆಕ್ಸ್ ಬಂತು. ತೇಗದ ಹಲಗೆಯನ್ನು ಇಳಿಸಿ, ಸ್ಕೂಟರ್ ದಾಟಲು ಗೇಟಿನ ಮುಂದಿನ ಚರಂಡಿಗೆ ಅಡ್ಡ ಹಾಕಿಸಿದರು. ಬೆನ್ನು ಮೇಲೆ ಮಾಡಿ ಹಾಕಿಸಬಹುದಿತ್ತು. ಮುಖ ಮೇಲೆ ಮಾಡಿ ಹಾಕಿಸಿದರು.

ಮಾರನೆಯ ದಿನ ಸಾಹೇಬರು ಗೇಟಿನ ಹತ್ತಿರ ಬಂದು ನಿಂತದ್ದನ್ನು ನಾನು ಕಿಟಕಿಯಿಂದ ನೋಡಿದೆ. ಮೂರನೆಯ ಸಾಲಿನ ಮೇಲೆ ಟೈರಿನ ಗುರುತು. ಅವರು ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದರು, ಪಂಚೆ ಎತ್ತಿ ಕಟ್ಟಿದರು, ಹಲಗೆಯ ಪಕ್ಕದಲ್ಲಿ ಚರಂಡಿಯನ್ನು ಜಿಗಿದರು. ಅಂದಿನಿಂದ ದಿನಾ ಎರಡು ಸಲ ಜಿಗಿಯುತ್ತಿದ್ದರು. ಒಂದು ಸಲ ಬಿದ್ದು ಮಂಡಿ ತರಚಿಕೊಂಡು ಬಂದರು. ನಾನು ಡೆಟಾಲ್ ಹಚ್ಚುವಾಗ ಹಲ್ಲು ಕಚ್ಚಿಕೊಂಡು ಅಂದದ್ದು ಇಷ್ಟೇ: “ಅಮ್ಮನ ಮೇಲೆ ಹೆಂಗೆ ಕಾಲಿಡ್ಲಿ ಟೀಚರಮ್ಮ?”

ಆ ವಾರವೇ ಸೆಕ್ರೆಟರಿ ಕಂಪ್ಯೂಟರ್ ಮುಂದೆ ಬಂದು ನಿಂತರು.

“ಏನಪ್ಪ ಸಾಬಿ, ಮೇಲ್ಗಡೆ ನಮ್ಮ ತಂದೆಯವರ ಫೋಟೊ ದೊಡ್ಡದಾಗಿ ಬರ್ಬೇಕು. ಹೆಸರು ಅದಕ್ಕಿಂತ ದೊಡ್ಡದು. ಇದೇನಿದು, ಕುರಿ ಕಾಯೋರು, ಗ್ಯಾಂಗ್‌ಮನ್ನು, ಯಾವ್ಯಾವಳೋ ಮುದುಕಿ? ಎಲ್ಲಾ ತೆಗೆದಾಕು.”

“ತೆಗೆಯೋಕೆ ಬಾಳ ದಿನ ಹಿಡಿತೈತೆ ಸರ್. ಬೇಕಾದ್ರೆ ಕಾಣದಂಗೆ ಮಾಡ್ತೀನಿ. ಒಂದೇ ಸಾಲಿನ ಕೆಲಸ.”

“ಕಾಣ್ಬಾರ್ದು ಅಷ್ಟೇ. ಇನ್ನೊಂದು ತಿಂಗಳಿಗೆ ಉದ್ಘಾಟನೆ ಐತೆ. ಪೂರಾ ಕ್ಯಾಟಲಾಗ್ ಪ್ರಿಂಟ್ ಹಾಕಿ ಬೈಂಡ್ ಮಾಡ್ಸಿ ಚೀಫ್ ಗೆಸ್ಟಿಗೆ ಕೊಡಾಣ. ಬಂದೋರಿಗೆಲ್ಲ ಒಂದೊಂದು ಹಾಳೆ. ಕಂಪ್ಯೂಟರ್ ಇವತ್ತೈತೆ, ನಾಳೆ ಇರಲ್ಲ. ಕಾಗದ ಇರ್ಬೇಕು, ಸೀಲ್ ಇರ್ಬೇಕು.”

ಇದು ಅವರ ಪದ್ಧತಿ. ಸ್ಕ್ರೀನಿನ ಮೇಲೆ ನೋಡಿ ತಲೆಯಾಡಿಸುವುದು. ಪ್ರಿಂಟ್ ಬಂದ ಮೇಲೆ ಓದದೆ ಪ್ರತಿ ಹಾಳೆಯ ಬುಡಕ್ಕೂ ಸಹಿ, ‘ಪರಿಶೀಲಿಸಿ ದೃಢೀಕರಿಸಿದೆ’ ಎಂಬ ದುಂಡು ಸೀಲು. ನೋಡಿದ್ದನ್ನು ಮತ್ತೆ ಓದುವುದು ಗುಮಾಸ್ತರ ಕೆಲಸ ಎಂದು ಅವರ ಭಾವನೆ.

ಅವರು ಹೋದ ಮೇಲೆ ನಾನು ಎಂದಿನಂತೆ ಮ್ಯಾನುಯಲ್ ತೆರೆದೆ. ಅವತ್ತಿನ ಪಾಠ ಪ್ರಿಂಟಿನದು. ಒಂದು ಪ್ಯಾರಾ ಓದಿ ನಿಲ್ಲಿಸಿದೆ. ಮತ್ತೆ ಓದಿದೆ, ಈ ಸಲ ನಿಧಾನವಾಗಿ. ಸ್ಕ್ರೀನಿಗೆ ಒಂದು ರೂಪ ಬರೆಯಬಹುದು, ಪ್ರಿಂಟಿಗೆಂದೇ ಬೇರೊಂದು ರೂಪ ಬರೆಯಬಹುದು, ಎರಡೂ ಒಂದೇ ಫೈಲಿನಲ್ಲಿ ಜೊತೆಗಿರುತ್ತವೆ ಎಂದಿತ್ತು.

ಸಾಹೇಬರು ನನ್ನ ಮುಖವನ್ನೇ ನೋಡುತ್ತಿದ್ದರು. “ಅಂದ್ರೆ ಕಣ್ಣಿಗೊಂದು ವೇಷ, ಕಾಗದಕ್ಕೊಂದು ವೇಷ?”

“ಹೌದು.”

“ಕಣ್ಣಿಗೆ ಬಚ್ಚಿಟ್ಟಿದ್ದು ಕಾಗದದಾಗೆ ಬರ್ತೈತಾ?”

“ನೀವು ಬರಿಸಿದರೆ ಬರುತ್ತದೆ. ಮೇಲಿನ ಫೋಟೊವನ್ನು ಕಾಗದದಲ್ಲಿ ಬೇಡ ಎಂದರೆ ಅದೂ ಹೋಗುತ್ತದೆ.”

ಅವರು ಉಗುರನ್ನು ಟೇಬಲ್ಲಿಗೆ ಎರಡು ಸಲ ಕುಟ್ಟಿದರು. “ಟೀಚರಮ್ಮ, ನಿಮ್ ಸಿಸ್ಟರಮ್ಮೋರು ಇದನ್ನ ಕೇಳಿದ್ರೆ?”

“ಪ್ರೇಯರ್ ಮಾಡುತ್ತಿದ್ದರು. ನೀವು ಬರೆಯಿರಿ.”

ಬರೆದದ್ದು ಎಂಟೇ ಸಾಲು. ಒಂದೊಂದನ್ನೂ ನಾನು ಉಕ್ತಲೇಖನ ಹೇಳಿದಂತೆ ಹೇಳಿದೆ. ಉಪಾಯ ನನ್ನದು, ಕೈ ಅವರದು. ಇದನ್ನು ಓದುವವರು ಮರೆಯಬಾರದು.

ಸೆಕ್ರೆಟರಿ ಸ್ಕ್ರೀನ್ ನೋಡಿದರು. ತಂದೆಯ ಫೋಟೊ ಇತ್ತು, ಹೆಸರು ಜಗದಗಲ ಇತ್ತು, ಕುರಿ ಕಾಯುವವರು ಇರಲಿಲ್ಲ. “ಈಗ ನೋಡು, ಮರ್ಯಾದಸ್ಥರ ಲೈಬ್ರರಿ ಆತು,” ಎಂದರು. ಪ್ರಿಂಟ್ ನಾನೇ ತೆಗೆದು ಅವರ ಟೇಬಲ್ಲಿಗೆ ಇಟ್ಟೆ. ಫೋನಿನಲ್ಲಿ ಯಾರಿಗೋ ಶಾಮಿಯಾನದ ಬಗ್ಗೆ ಬೈಯುತ್ತಲೇ ಪ್ರತಿ ಹಾಳೆಗೂ ಸಹಿ ಗೀಚಿ ಸೀಲು ಒತ್ತಿದರು. ಆ ಟಕ್ ಟಕ್ ಸದ್ದಿನಷ್ಟು ಸಿಹಿಯಾದ ಮ್ಯೂಸಿಕ್ ನಾನು ಬೇರೆ ಕೇಳಿಲ್ಲ.

ಉದ್ಘಾಟನೆಗೆ ಬಂದ ಚೀಫ್ ಗೆಸ್ಟ್ ಶಿಕ್ಷಣ ಇಲಾಖೆಯ ಒಬ್ಬ ಮಹಿಳಾ ಅಧಿಕಾರಿ. ಓದುವ ಅಭ್ಯಾಸವಿದ್ದವರು. ಬೈಂಡ್ ಮಾಡಿದ ಕ್ಯಾಟಲಾಗನ್ನು ಕೈಗೆ ಕೊಟ್ಟ ಕೂಡಲೇ ಬಿಡಿಸಿ ನೋಡಿದರು. ಮೈಕಿನ ಮುಂದೆ ನಿಂತು, “ತುಂಬಾ ಸಂತೋಷ. ಪುಸ್ತಕ ಕೊಟ್ಟ ಪ್ರತಿಯೊಬ್ಬರ ಹೆಸರನ್ನೂ ಇಟ್ಟಿದ್ದೀರಿ. ಇಂಥ ದೊಡ್ಡ ಮನಸ್ಸು ಅಪರೂಪ,” ಎಂದು ಸೆಕ್ರೆಟರಿಯ ಕಡೆ ತಿರುಗಿ ಕೈಮುಗಿದರು. ಆಮೇಲೆ ಹೆಸರುಗಳನ್ನು ಒಂದೊಂದಾಗಿ ಓದಲು ಶುರುಮಾಡಿದರು.

ಸೆಕ್ರೆಟರಿ ತಮ್ಮ ಕೈಯಲ್ಲಿದ್ದ ಹಾಳೆಯನ್ನು ಮೊದಲ ಸಲ ಓದಿದರು. ತಂದೆಯ ಫೋಟೊ ಇಲ್ಲ, ಹೆಸರಿಲ್ಲ. ಬುಡದಲ್ಲಿ ಮಾತ್ರ ತಮ್ಮದೇ ಸಹಿ, ತಮ್ಮದೇ ಸೀಲು: ಪರಿಶೀಲಿಸಿ ದೃಢೀಕರಿಸಿದೆ. ಇಲ್ಲ ಅನ್ನುವಂತಿಲ್ಲ, ಹೌದು ಅನ್ನುವಂತಿಲ್ಲ. ಅವರ ಕುತ್ತಿಗೆಯಿಂದ ಕಿವಿಯವರೆಗೆ ಕೆಂಪು ಏರಿದ್ದನ್ನು ನಾನು ಎರಡನೆಯ ಸಾಲಿನ ಕುರ್ಚಿಯಲ್ಲಿ ಕುಳಿತು ಮನಸಾರೆ ನೋಡಿದೆ. ಸಭೆ ಚಪ್ಪಾಳೆ ತಟ್ಟಿದಾಗ ಅವರೂ ತಟ್ಟಬೇಕಾಯಿತು.

ಹಿಂದಿನಿಂದ ಒಬ್ಬ ಗಂಡಸು ಹಾಳೆ ಎತ್ತಿ ಹಿಡಿದು ಕೂಗಿದ: “ಏ, ಇದು ನಮ್ ತಾತನ ಹೆಸ್ರು ಕಣ್ರಪ್ಪೋ! ಕಂಬಳಿ ತಾತಂದು!” ಇನ್ನೊಬ್ಬ, “ನಮ್ಮೋರ ಹೆಸ್ರು ಹಲಗೆ ಮೇಲೂ ಇತ್ತಲ್ಲ, ಅದೆಲ್ಲೋತು?” ಎಂದ.

ಸಾಹೇಬರು ಎದ್ದು ನಿಂತು, ಗೇಟಿನ ಕಡೆ ಕಿರುಬೆರಳು ತೋರಿಸಿದರು.

ಊಟಕ್ಕೆ ಏಳುವ ಮೊದಲೇ ನಾಲ್ಕು ಜನ ಹಲಗೆಯನ್ನು ಚರಂಡಿಯಿಂದ ಎತ್ತಿ ಹೆಗಲ ಮೇಲೆ ಹೊತ್ತು ಒಳಗೆ ತಂದರು. ಸೆಕ್ರೆಟರಿಯ ಸ್ಕೂಟರ್ ಚರಂಡಿಯ ಆಚೆಯೇ ಉಳಿಯಿತು.

ಮಾರನೆಯ ದಿನ ಅವರು ನಮ್ಮಿಬ್ಬರನ್ನೂ ಕರೆಸಿದರು. “ಯಾರು ಮಾಡಿದ್ದು ಇದನ್ನ?”

ನಾನು ಬಾಯಿ ತೆರೆಯುವ ಮೊದಲೇ ಸಾಹೇಬರು, “ನಾನ್ರಿ ಸರ್. ವಯಸ್ಸಾತು. ಒಂದು ಕಡೆ ಬ್ರಾಕೆಟ್ ಮುಚ್ಚೋದು ಮರ್ತೆ,” ಎಂದರು. ಬದುಕಿನಲ್ಲಿ ಒಂದು ಒತ್ತಕ್ಷರವನ್ನೂ ಮರೆಯದ ಮನುಷ್ಯ.

“ನಾಳೆಯಿಂದ ಬರ್ಬೇಡ.”

ನಾನು ಸುಮ್ಮನಿದ್ದೆ. ಇಂಗ್ಲಿಷಿನಲ್ಲಿ ಹೇಡಿತನಕ್ಕೆ ಕವರ್ಡಿಸ್ ಎಂಬ ಪದವಿದೆ. ಸ್ಪೆಲ್ಲಿಂಗ್ ನನಗೆ ಚೆನ್ನಾಗಿ ಬರುತ್ತದೆ. ಹೊರಗೆ ಬಂದ ಮೇಲೆ ಸಾಹೇಬರ ಮುಂದೆ ಅತ್ತೆ. ಅವರು ನಕ್ಕರು.

“ಇಬ್ರೂ ಹೊರಗೆ ಬಂದ್ರೆ ಹೆಸರು ಕಾಯೋರು ಯಾರು? ಬೀಗದಕೈ ನಿಮ್ಮತ್ರ ಐತೆ, ಪಾಸ್‌ವರ್ಡೂ ನಿಮ್ಮತ್ರ ಐತೆ. ಒಳಗಿರ್ರಿ.”

ಹಲಗೆಯನ್ನು ಮತ್ತೆ ತೂಗುಹಾಕುವ ಮೊದಲು ಅದನ್ನು ಒರೆಸಿಕೊಡಲು ಒಂದು ದಿನ ಬಂದರು. ಕೊಳೆಯೆಲ್ಲ ತೆಗೆದರು. ಮೂರನೆಯ ಸಾಲಿನ ಟೈರಿನ ಗುರುತನ್ನು ಮಾತ್ರ ಮುಟ್ಟಲಿಲ್ಲ. “ಇದಿರ್ಲಿ. ಅವ್ರು ದಿನಾ ಇದರ ಕೆಳಗೇ ಓಡಾಡ್ಲಿ.”

ಸ್ಕ್ರೀನಿನಲ್ಲಿ ‘ಕೊಟ್ಟವರು’ ಸಾಲನ್ನು ನಾನೇ ಮತ್ತೆ ಕಾಣುವಂತೆ ಮಾಡಿದೆ; ಸೀಲು ಬಿದ್ದ ಕ್ಯಾಟಲಾಗ್ ಇಲಾಖೆಯಲ್ಲಿರುವಾಗ ಸೆಕ್ರೆಟರಿ ಬೇಡ ಅನ್ನುವಂತಿರಲಿಲ್ಲ. ಆದರೆ ಅವರ ತಂದೆಯ ಫೋಟೊ, ಹೆಸರು ಮೇಲೆ ಹಾಗೆಯೇ ಇತ್ತು. ಅದನ್ನು ಮುಟ್ಟಿದರೆ ನನ್ನ ಬೀಗದಕೈಯೂ ಹೋಗುತ್ತಿತ್ತು.

ಸಾಹೇಬರು ಹಾಸಿಗೆ ಹಿಡಿದಾಗ ನೋಡಲು ಹೋಗಿದ್ದೆ. ಉಸಿರಿಗೆ ಕಷ್ಟಪಡುತ್ತಿದ್ದರು. ಆ ಉಗುರನ್ನು ಮಗಳು ಕತ್ತರಿಸಿದ್ದಳು. ಅದನ್ನು ನೋಡಲಾಗದೆ ಆ ಫೋಟೊದ ಮಾತೆತ್ತಿದೆ.

“ಇಷ್ಟು ವರ್ಷ ಬೋರ್ಡ್ ಬರ್ದೆ ಟೀಚರಮ್ಮ,” ಎಂದರು. “ಒಬ್ರೂ ಬಂದು ಇವತ್ತು ಬಣ್ಣ ಮಾಸಿತು ಅಂದಿಲ್ಲ. ಮಾಸೋದು ಯಾರ ಕಣ್ಣಿಗೂ ಬೀಳಲ್ಲ. ದಿನಾ ನೋಡೋರ ಕಣ್ಣಿಗಂತೂ ಬೀಳೋದೇ ಇಲ್ಲ.” ಉಸಿರೆಳೆದುಕೊಂಡು, “ಒಪಾಸಿಟಿ ಅಂತ ಒಂದು ಐತೆ, ಬಣ್ಣ ಎಷ್ಟು ಗಾಢ ಅನ್ನೋ ಲೆಕ್ಕ, ನೀವೇ ಓದಿ ಹೇಳಿದ್ರಿ. ನೂರರಾಗೆ ಒಂದು ಪಾಲು,” ಎಂದರು.

ಮುಂದಿನ ಶುಕ್ರವಾರ ತೀರಿಕೊಂಡರು. ಸೆಕ್ರೆಟರಿ ಶ್ರದ್ಧಾಂಜಲಿ ಫ್ಲೆಕ್ಸ್ ಕಟ್ಟಿಸಿದರು. ಅದರಲ್ಲಿ ಸಾಹೇಬರ ಮುಖ ನಾಣ್ಯದಷ್ಟು, ಸೆಕ್ರೆಟರಿಯದು ಹರಿವಾಣದಷ್ಟು. ಒತ್ತಕ್ಷರಗಳೆಲ್ಲ ಕತ್ತರಿಸಿಹೋಗಿದ್ದವು.

ಅಂದಿನಿಂದ ಪ್ರತಿ ಶುಕ್ರವಾರ ಲೈಬ್ರರಿ ತೆರೆದ ಕೂಡಲೇ ನಾನು ಆ ಫೈಲ್ ತೆರೆಯುತ್ತೇನೆ. ಮೇಲಿನ ಆ ಫೋಟೊದ, ಆ ಹೆಸರಿನ ಗಾಢತೆಯನ್ನು ನೂರರಲ್ಲಿ ಒಂದು ಪಾಲು ಇಳಿಸಿ ಸೇವ್ ಮಾಡುತ್ತೇನೆ. ಅದಷ್ಟೇ. ಆಮೇಲೆ ಟೀ ಕುಡಿಯುತ್ತೇನೆ. ಇವತ್ತು ಶುಕ್ರವಾರ. ಅರವತ್ತೊಂದು ಇದ್ದದ್ದನ್ನು ಅರವತ್ತು ಮಾಡಿ ಬಂದು ಇದನ್ನು ಬರೆಯುತ್ತಿದ್ದೇನೆ.

ಹೋದ ವಾರ ಸೆಕ್ರೆಟರಿ ಬಂದು ಸ್ಕ್ರೀನಿನ ಮುಂದೆ ನಿಂತರು. ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ಒರೆಸಿದರು.

“ಏನ್ ಮಿಸ್, ನನ್ ಕಣ್ಣಿಗೆ ಏನೋ ಮಂಜು ಕವಿದಂಗೈತೆ.”

“ವಯಸ್ಸಾಯಿತು ಸರ್. ಡಾಕ್ಟರಿಗೆ ತೋರಿಸಿ,” ಎಂದೆ, ಸಿಸ್ಟರ್‌ಗಳು ಕಲಿಸಿದ ವಿನಯದಲ್ಲಿ.

ನನಗೂ ವಯಸ್ಸಾಗಿದೆ. ಇನ್ನೂ ಅರವತ್ತು ಶುಕ್ರವಾರ ಬೇಕು, ದೇವರು ಕೊಡಲಿ. ಇಷ್ಟೆಲ್ಲ ಬರೆದು ಅಚ್ಚಿಗೆ ಕೊಟ್ಟರೆ ಸಿಕ್ಕಿಬೀಳುವುದಿಲ್ಲವೇ ಎಂದು ಸಾಹೇಬರ ಮಗಳು ಕೇಳಿದಳು. ಇಲ್ಲ ತಾಯಿ, ಅವರು ಪ್ರಿಂಟ್ ಓದುವುದಿಲ್ಲ.