ಅಣ್ಣ ಕಟ್ಟಿದ ರಿಲೇ ಡಬ್ಬಿ

ಹೋದ ತಿಂಗಳು ನಮ್ಮ ಮನೆಯ ಯುಪಿಎಸ್ ಕೆಟ್ಟಿತು. ರಿಪೇರಿಯವನು ಮುಚ್ಚಳ ಬಿಚ್ಚುತ್ತಿದ್ದಂತೆ ಸುಟ್ಟ ಕಾಯಿಲ್‌ನ ವಾಸನೆ ಹಾಲ್ ತುಂಬ ಹರಡಿತು. "ರಿಲೇ ಹೋಗಿದೆ ಮೇಡಂ" ಅಂದ. ನಾನು ಎದ್ದು ಹಿತ್ತಿಲಿಗೆ ಹೋಗಿ ನಿಂತುಬಿಟ್ಟೆ. ಇಪ್ಪತ್ತು ವರ್ಷದ ಹಿಂದೆ, ಸಿ.ಎಸ್. ಪುರದ ಒಂದು ಮನೆಯ ಮುಂದೆ, ಹಳೇ ಮೆಟಡೋರ್ ವ್ಯಾನಿನೊಳಗಿಂದ ಬಂದದ್ದೂ ಇದೇ ವಾಸನೆ...

ಆ ವ್ಯಾನನ್ನು ಸಜ್ಜು ಮಾಡಿದವರು ತುಮಕೂರಿನಲ್ಲಿ ನಮ್ಮ ಎದುರುಮನೆಯವರು. ಅಂತರಸನಹಳ್ಳಿಯ ಕಾರ್ಖಾನೆಯೊಂದರಲ್ಲಿ ಎಲೆಕ್ಟ್ರಿಷಿಯನ್. ನಾನು ಅಣ್ಣ ಅನ್ನುತ್ತಿದ್ದೆ. ಅವರ ಹೆಂಡತಿ ನನಗೆ ಅಕ್ಕ. ನನ್ನ ಹತ್ತಿರ ರವಿಕೆ ಹೊಲಿಸೋಕೆ ಬಂದು ಶುರುವಾದ ಸ್ನೇಹ. ಅವರಿಗೆ ಮಕ್ಕಳಿರಲಿಲ್ಲ. ನಲವತ್ತು ದಾಟುವ ಹೊತ್ತಿಗೆ ಅಕ್ಕನ ಶ್ವಾಸಕೋಶ ಗಟ್ಟಿಯಾಗುತ್ತಾ ಬಂತು. ಕೊನೆಗೆ ಆಕ್ಸಿಜನ್ ಮಿಷನ್ ಇಲ್ಲದೆ ಆಗುವುದಿಲ್ಲ ಅನ್ನುವಲ್ಲಿಗೆ ಬಂದು ನಿಂತಿತು. ಮೂಗಿಗೆ ಸಣ್ಣ ಕೊಳವೆ, ಮಂಚದ ಪಕ್ಕ ಗುರುಗುಡುವ ಮಿಷನ್. ಅದು ನಿಂತರೆ ಐದೇ ನಿಮಿಷಕ್ಕೆ ತುಟಿ ನೀಲಿಯಾಗುತ್ತಿತ್ತು.

ಆಗೆಲ್ಲ ಕರೆಂಟು ಯಾವಾಗ ಹೋಗುತ್ತೆ, ಯಾವಾಗ ಬರುತ್ತೆ ಅಂತ ಹೇಳುವ ಹಾಗಿರಲಿಲ್ಲ. ಅಣ್ಣ ಮನೆಯಲ್ಲಿ ಇನ್ವರ್ಟರ್ ಇಟ್ಟಿದ್ದರು. ಆದರೆ ಅಕ್ಕ ಹೊಸ್ತಿಲು ದಾಟಿ ಎರಡು ವರ್ಷವಾಗಿತ್ತು. ಆ ಸಮಯಕ್ಕೇ ಸಿ.ಎಸ್. ಪುರದಿಂದ ಸುದ್ದಿ ಬಂತು. ಅಕ್ಕನ ತಾಯಿ ಊಟ ಬಿಟ್ಟಿದ್ದಾರೆ, ಮಗಳನ್ನೇ ಕೇಳುತ್ತಿದ್ದಾರೆ ಅಂತ. ಅಕ್ಕ ಅಳಲಿಲ್ಲ, ಗೋಡೆ ಕಡೆ ತಿರುಗಿ ಮಲಗಿದರು. ಸಿಲಿಂಡರ್ ಬಾಡಿಗೆ ಕೊಡುವವರು ಹಳ್ಳಿಗೆಲ್ಲ ಕಳಿಸಲ್ಲ ಅಂದರು.

ಆವತ್ತೇ ಅಣ್ಣ ರಜೆ ಹಾಕಿದರು. ಕಾರ್ಖಾನೆಯ ಹಿಂದೆ ತುಕ್ಕು ಹಿಡಿದು ನಿಂತಿದ್ದ ಮೆಟಡೋರ್ ಕೇಳಿ ತಂದರು. ಒಂದು ವಾರ ಹಗಲೆಲ್ಲ ಅದರೊಳಗೇ ಇದ್ದರು. ಮಂಚ, ಫ್ಯಾನು, ಎರಡು ಲಾರಿ ಬ್ಯಾಟರಿ, ಇನ್ವರ್ಟರ್. ಗೋಡೆಗೆ ಒಂದು ತಗಡಿನ ಡಬ್ಬಿ. ಅದರೊಳಗೆ ಬೆಂಕಿಪೊಟ್ಟಣದಷ್ಟೇ ಇದ್ದ ರಿಲೇ, ತಾನಾಗಿಯೇ ಬದಲಾಗುವ ಸ್ವಿಚ್ಚು. "ಊರಲ್ಲಿ ಲೈನ್ ಕೊಟ್ರೆ ಇದು ಟಕ್ ಅಂತ ಎಳ್ಕೊಳ್ಳುತ್ತೆ, ಮಿಷನ್ ಲೈನಲ್ಲಿ ಓಡುತ್ತೆ. ಲೈನ್ ಹೋಯ್ತಾ, ಬಿಟ್ಬಿಡುತ್ತೆ, ಬ್ಯಾಟರಿಗೆ ಬರುತ್ತೆ. ಯಾರೂ ಮುಟ್ಟೋದೇ ಬೇಡ ಕಣಮ್ಮ" ಅಂದರು. ಅಷ್ಟುದ್ದ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಹೆಂಗಸರೊಬ್ಬರು ಜೊತೆಗಿರಲಿ ಅಂತ ನನ್ನನ್ನೂ ಕರೆದರು. ಗುಬ್ಬಿ ದಾಟಿ ಸಿ.ಎಸ್. ಪುರ ಸೇರಿದಾಗ ಬಿಸಿಲು ಏರಿತ್ತು. ತಾಯಿಯನ್ನು ಹೊರಗೆ ತರುವ ಹಾಗಿರಲಿಲ್ಲ. ಅಣ್ಣ ಮನೆಯಿಂದ ವ್ಯಾನಿಗೆ ಕರೆಂಟಿನ ವೈರು ಎಳೆದರು. ವ್ಯಾನಿನಿಂದ ಉದ್ದನೆಯ ಆಕ್ಸಿಜನ್ ಕೊಳವೆಯನ್ನು ಕಿಟಕಿಯಲ್ಲಿ ತೂರಿಸಿ ಒಳಗೆ ಬಿಟ್ಟರು. ಅಕ್ಕ ಮೂಗಿಗೆ ಕೊಳವೆ ಇಟ್ಟುಕೊಂಡೇ ತಾಯಿಯ ಚಾಪೆ ಪಕ್ಕ ಕೂತರು. ಆ ತಾಯಿ ಮಗಳ ಮುಖವನ್ನೆಲ್ಲ ಕೈಯಲ್ಲಿ ಸವರಿ, "ಬಂದ್ಯಾ... ಬಡವಾಗಿದ್ದೀಯಲ್ಲೇ" ಅಂದರು.

ಊಟದ ಹೊತ್ತಿಗೆ ಊರಿಗೆ ತ್ರೀ ಫೇಸ್ ಕರೆಂಟು ಬಿಟ್ಟರು. ಸುತ್ತಲಿನ ಪಂಪ್‌ಸೆಟ್ಟುಗಳೆಲ್ಲ ಒಟ್ಟಿಗೆ ಎದ್ದವು. ಮನೆಯ ಬಲ್ಬು ಕೆಂಪಗಾಯಿತು. ಹೊರಗೆ ವ್ಯಾನಿನಿಂದ ಟಕಟಕಟಕ ಅಂತ ಸದ್ದು. ವೋಲ್ಟೇಜ್ ಸಾಲದೆ ರಿಲೇ ಹಿಡಿಯಲೂ ಆಗದೆ ಬಿಡಲೂ ಆಗದೆ ಒದ್ದಾಡುತ್ತಿತ್ತು. ಅಣ್ಣ ಓಡಿದರು. ಅಷ್ಟರಲ್ಲಿ ಲೈನ್ ಪೂರ್ತಿ ಹೋಯಿತು. ರಿಲೇ ಬಿಡಲಿಲ್ಲ. ಕಾಯಿಲ್ ಸುಟ್ಟು, ಪಾಯಿಂಟು ಕಿಡಿಗೆ ಕರಗಿ, ಲೈನಿನ ಕಡೆಗೇ ಕಚ್ಚಿಕೊಂಡಿತ್ತು. ಬ್ಯಾಟರಿ ತುಂಬ ಕರೆಂಟಿದ್ದರೂ ಮಿಷನ್ ಸತ್ತುಬಿದ್ದಿತ್ತು.

ನಾನು ಅಕ್ಕನನ್ನು ಹಿಡಿದುಕೊಂಡೇ ಕಿಟಕಿಯಿಂದ ಕೂಗುತ್ತಿದ್ದೆ, "ಅಣ್ಣಾ, ತುಟಿ ನೀಲಿಯಾಗ್ತಿದೆ! ಬೇಗ!" ವ್ಯಾನಿನ ತೆರೆದ ಬಾಗಿಲಲ್ಲಿ ಅವರು ಡಬ್ಬಿಯ ಸ್ಕ್ರೂ ಬಿಚ್ಚುತ್ತಿರುವುದು ಕಾಣುತ್ತಿತ್ತು. ಟೆಸ್ಟರ್ ಜಾರಿ ಬಿತ್ತು. ತಗಡನ್ನೇ ಹಿಡಿದು ಕಿತ್ತರು. ಇನ್ವರ್ಟರ್ ಆಫ್ ಮಾಡುವಷ್ಟೂ ತಡೆಯದೆ ವೈರುಗಳನ್ನು ಎಳೆದು, ರಿಲೇ ಬಿಟ್ಟು ನೇರವಾಗಿ ಮಿಷನ್‌ಗೇ ಬರಿಗೈಯಲ್ಲಿ ಸುತ್ತತೊಡಗಿದರು. ಒಮ್ಮೆ ಶಾಕ್ ಹೊಡೆದು ಮಂಚದ ಮೇಲೆ ಬಿದ್ದರು. ಎದ್ದು ಮತ್ತೆ ಹಿಡಿದರು. "ಉಸಿರ್ ತಗೊಳ್ಳೇ... ಬಂತು ಕಣೇ, ಬಂದೇಬಿಡ್ತು" ಅಂತ ಅಲ್ಲಿಂದಲೇ ಕಿರುಚುತ್ತಿದ್ದರು. ಅಕ್ಕನಿಗೆ ಅದು ಕೇಳಿಸಿತೋ ಇಲ್ಲವೋ... ಅವರ ತಲೆ ನನ್ನ ಭುಜದ ಮೇಲೆ ವಾಲಿತ್ತು.

ಮಿಷನ್ ಗುರುಗುಟ್ಟಿತು. ಸ್ವಲ್ಪ ಹೊತ್ತಿಗೆ ಅಕ್ಕ ಕಣ್ಣು ಬಿಟ್ಟರು.

ಅಣ್ಣ ಬೆವರಿನಲ್ಲಿ ತೊಯ್ದು ಒಳಗೆ ಬಂದರು. ಬೆರಳ ತುದಿಗಳು ಬೆಳ್ಳಗೆ ಸುಟ್ಟಿದ್ದವು. "ಈಗ್ಲೇ ಹೊರಡೋಣ. ಇನ್ಮೇಲೆ ಬ್ಯಾಟರಿ ಒಂದೇ." ಅಕ್ಕ ತಾಯಿಯ ಕೈ ಬಿಡಲಿಲ್ಲ. "ಒಂದ್ ಗಂಟೆ ರೀ. ಇನ್ನು ನೋಡ್ತೀನೋ ಇಲ್ವೋ..." ಅಣ್ಣ ಹೋಗಿ ವ್ಯಾನ್ ಸ್ಟಾರ್ಟ್ ಮಾಡಿದರು. ಬ್ಯಾಟರಿಗೆ ಚಾರ್ಜ್ ಆಗಲಿ ಅಂತ ಆ ಒಂದು ಗಂಟೆಯೂ ಆಕ್ಸಿಲರೇಟರ್ ಮೇಲೆ ಕಾಲಿಟ್ಟು, ಸ್ಟೀರಿಂಗಿಗೆ ಹಣೆ ಹಚ್ಚಿ ಕೂತಿದ್ದರು. ಸಂಜೆಯೊಳಗೆ ತುಮಕೂರು ಸೇರಿದೆವು. ಮೂರನೇ ದಿನ ಆ ತಾಯಿ ಹೋದರು.

ಮುಂದಿನ ಯುಗಾದಿ ಕಳೆದ ಮೇಲೆ ಅಕ್ಕ ಆಸ್ಪತ್ರೆಯಲ್ಲಿ ತೀರಿಕೊಂಡರು. ಅಲ್ಲಿ ಕರೆಂಟಿಗೂ ಆಕ್ಸಿಜನ್ನಿಗೂ ಕೊರತೆಯಿರಲಿಲ್ಲ. ಶ್ವಾಸಕೋಶವೇ ಮುಗಿದಿತ್ತು, ಡಾಕ್ಟರೂ ಹಾಗೇ ಹೇಳಿದರು. ಅಣ್ಣ ನಂಬಲಿಲ್ಲ. "ಅವತ್ತು ನಿಂತೋಯ್ತಲ್ಲ, ಅದೇ ಕಣಮ್ಮ. ಚಿಕ್ಕ ರಿಲೇ ಹಾಕ್ಬಿಟ್ಟೆ ನಾನು. ವೋಲ್ಟೇಜ್ ಬಗ್ಗೆ ಯೋಚ್ನೆನೇ ಮಾಡ್ಲಿಲ್ಲ" ಅನ್ನುತ್ತಿದ್ದರು. ಸಾವಿರ ಮಂದಿಗೆ ಲೈನ್ ಸರಿಮಾಡಿಕೊಟ್ಟ ಮನುಷ್ಯ.

ವೈಕುಂಠ ಸಮಾರಾಧನೆ ಮುಗಿದ ಮೊದಲ ಭಾನುವಾರ, ಇನ್ನೂ ಅವರ ಮನೆ ಮುಂದೆಯೇ ನಿಂತಿದ್ದ ವ್ಯಾನಿನಿಂದ ಟಕ್, ಟಕ್ ಅಂತ ಸದ್ದು ಶುರುವಾಯಿತು. ಮಧ್ಯಾಹ್ನವಾದರೂ ನಿಲ್ಲಲಿಲ್ಲ. ನಾನು ಹೋಗಿ ನೋಡಿದೆ. ಗೋಡೆಯ ಮೇಲೆ ಹೊಸ ಡಬ್ಬಿ, ದೊಡ್ಡ ರಿಲೇ, ವೋಲ್ಟೇಜ್ ಇಳಿದ ಕೂಡಲೇ ಲೈನ್ ಬಿಡಿಸಲು ಇನ್ನೊಂದು. ಅಣ್ಣ ಸ್ವಿಚ್ ಒತ್ತುತ್ತಿದ್ದರು, ತೆಗೆಯುತ್ತಿದ್ದರು. ಮಿಷನ್ ನಿಲ್ಲದೆ ಓಡುತ್ತಿತ್ತು. ಕೊಳವೆಯ ತುದಿ ಖಾಲಿ ದಿಂಬಿನ ಮೇಲಿತ್ತು.

"ನೋಡಮ್ಮ, ಬೆಳಗ್ಗೆಯಿಂದ ಒಂದ್ ಸಲಾನೂ ಕೈಕೊಡ್ಲಿಲ್ಲ" ಅಂದರು. ಮುಖದಲ್ಲಿ ಏನೋ ಒಂದು ಆಸೆ.

ನನ್ನ ಬಾಯಿಂದ ಬಂದುಬಿಟ್ಟಿತು, "ಯಾರಿಗಣ್ಣ?"

ಅವರು ನನ್ನನ್ನೇ ನೋಡಿದರು. ಆಮೇಲೆ ಮಿಷನ್ ಆಫ್ ಮಾಡಿದರು. ಆ ತಿಂಗಳಲ್ಲೇ ಮನೆ ಖಾಲಿ ಮಾಡಿ ಕುಣಿಗಲ್‌ನ ತಂಗಿಯ ಮನೆಗೆ ಹೊರಟುಹೋದರು. ಹೋಗುವಾಗ ಬಾಗಿಲಲ್ಲಿ ನಿಂತು "ಬರ್ತೀನಮ್ಮ" ಅಂದರು, ಅಷ್ಟೇ.

ಮೊನ್ನೆ ಅವರಿವರನ್ನು ವಿಚಾರಿಸಿ ಆ ತಂಗಿಗೆ ಫೋನ್ ಮಾಡಿದೆ. ಅಣ್ಣ ಹೋಗಿ ನಾಲ್ಕು ವರ್ಷವಾಯಿತಂತೆ. ಕೆಲಸ ಬಿಟ್ಟು ಅಲ್ಲಿಗೆ ಹೋದಮೇಲೆ ಮನೆಯ ಫ್ಯೂಸ್ ಹೋದರೂ ಎದ್ದು ಹೋಗುತ್ತಿರಲಿಲ್ಲವಂತೆ. ಫೋನ್ ಇಟ್ಟೆ. ಆ ಭಾನುವಾರ ನಾನು ಏನೂ ಕೇಳದೆ, ವ್ಯಾನ್ ಹತ್ತಿ ಮಂಚದ ತುದಿಯಲ್ಲಿ ಅವರ ಜೊತೆ ಒಂದು ಗಳಿಗೆ ಕೂತಿದ್ದರೆ ಸಾಕಿತ್ತು...